ಊರಿಗೊಬ್ಬನೇ ಮುತ್ತಾತ

ನಮ್ಮ ಭಾವನಿಗೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆ ಹುಟ್ಟಿನಿಂದಲೇ ಬಂದಿದೆ. ಇಂಥ ಪ್ರತಿಭೆಗೆ ಯಾವ ಕಚೇರಿಯಲ್ಲೂ ಅನ್ನಕ್ಕೆ ಕೊರತೆಯಿಲ್ಲ, ನಿಜ. ಆದರೆ ಅದು ಪೂರ್ತಿ ಬೆಳಗಿದ್ದು ಬಸ್ ನಿಲ್ದಾಣದ ಮೂಲೆಯಲ್ಲಿರುವ ‘ಕಳೆದುಹೋದ ಸಾಮಾನು’ ಕೌಂಟರಿನ ಹಿಂದೆ. ಜನ ಬಸ್ಸಿನಲ್ಲಿ ಮರೆತು ಇಳಿದ ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಎಲ್ಲವೂ ಅಲ್ಲಿಗೆ ಬರುತ್ತವೆ. ಹಿಂದೆಯೇ ವಾರಸುದಾರರು ಬರುತ್ತಾರೆ. ಭಾವ ರೆಪ್ಪೆ ಮಿಟುಕಿಸದೆ ಅವರನ್ನೇ ನೋಡುತ್ತಾರೆ. ಸುಳ್ಳು ಹೇಳಿ ಕೊಡೆ ಹೊಡೆಯಲು ಬಂದವನು ಆ ನೋಟಕ್ಕೆ ಬೆವೆತು, “ಇಲ್ಲ ಸಾರ್, ನಂದಲ್ಲ, ತಪ್ಪಾಯ್ತು” ಎಂದು ತಾನಾಗಿ ಒಪ್ಪಿಕೊಂಡು ಓಡುತ್ತಾನೆ. ಅವನ ಚಪ್ಪಲಿ ಸದ್ದಿಗೆ ಭಾವನಿಗೆ ಎಚ್ಚರವಾಗುತ್ತದೆ.

“ಯಾರಾದ್ರೂ ಬಂದಿದ್ರಾ?” ಎಂದು ಪಕ್ಕದ ಟಿಕೆಟಿನವರನ್ನು ಕೇಳುತ್ತಾರೆ.

ಎಚ್ಚರವಿದ್ದಾಗ ಅವರು ಆಡುವ ಮಾತು ಒಂದೇ: “ಗುರುತು ಹೇಳಿ, ಸಾಮಾನು ತಗೊಳ್ಳಿ.” ಒಮ್ಮೆ ಮಳೆಗಾಲದಲ್ಲಿ ಒಂದೇ ಕೊಡೆಗೆ ಇಬ್ಬರು ವಾರಸುದಾರರು ಬಂದರು. ಇಬ್ಬರೂ ಹೇಳಿದ ಗುರುತು ಒಂದೇ: ಹಿಡಿ ಸೊಟ್ಟ, ಅಂಚು ಹರಿದಿದೆ. ಜಗಳ ಕುತ್ತಿಗೆ ಪಟ್ಟಿಯವರೆಗೆ ಹೋಯಿತು. ಭಾವ ಆಕಳಿಸಿ, “ಹೊರಗೆ ಮಳೆ ಬರ್ತಿದೆ. ಇಬ್ಬರೂ ಒಂದೇ ಕೊಡೇಲಿ ಹೋಗಿ, ದಾರೀಲಿ ತೀರ್ಮಾನ ಮಾಡ್ಕೊಳ್ಳಿ” ಎಂದರು. ಆ ಇಬ್ಬರು ಈಗ ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟಿದ್ದಾರೆ. ನಿಲ್ದಾಣದಲ್ಲಿ ಇದನ್ನು ಮಹಾ ತೀರ್ಪು ಎಂದು ಹೊಗಳುತ್ತಾರೆ. ನಮ್ಮ ಅಕ್ಕ ಮಾತ್ರ, “ನಿದ್ದೆಗಣ್ಣಲ್ಲಿ ಏನೋ ಅಂದ್ರು, ಅವರ ಪುಣ್ಯ” ಎನ್ನುತ್ತಾಳೆ. ಹೆಂಡತಿಯಷ್ಟು ಖಚಿತವಾದ ವಿಮರ್ಶಕರು ಬೇರೆ ಇಲ್ಲ.

ಹೀಗೆ ಊರವರನ್ನೆಲ್ಲ ಗುರುತು ಕೇಳುತ್ತಿದ್ದ ಮನುಷ್ಯನ ಮನೆಯ ಗೋಡೆಯಲ್ಲೇ ಗುರುತಿಲ್ಲದ ಸಾಮಾನೊಂದಿತ್ತು. ಅದು ಅವರ ಮುತ್ತಾತನ ಫೋಟೋ. ಸ್ವಿಚ್ ಬೋರ್ಡಿನ ಮೇಲೆ, ಗಡಿಯಾರದ ಪಕ್ಕ. ಫೋಟೋದಲ್ಲಿ ಒಬ್ಬ ಹಿರಿಯರು ಕೈಕುರ್ಚಿಯಲ್ಲಿ ನೆಟ್ಟಗೆ ಕೂತು, ನಮ್ಮನ್ನೇ ದಿಟ್ಟಿಸುತ್ತಾರೆ. ಕೋಟಿಲ್ಲ, ಟೋಪಿಯಿಲ್ಲ, ಮೀಸೆಯಿಲ್ಲ. ಬರೀ ಅಂಗಿ, ಅದರಲ್ಲೂ ಒಂದು ಗುಂಡಿ ಕಿತ್ತುಹೋಗಿದೆ. ಹೆಸರು ಯಾರಿಗೂ ಗೊತ್ತಿಲ್ಲ; ಮನೆಯಲ್ಲಿ ‘ದೊಡ್ಡೋರು’ ಎಂದೇ ಕರೆಯುವುದು. ಭಾವನ ತಾತ ಚಿಕ್ಕವರಿದ್ದಾಗ ಈ ಫೋಟೋವನ್ನು ಕಂಕುಳಲ್ಲಿಟ್ಟುಕೊಂಡು ಒಂದು ಸಣ್ಣ ಊರಿನಿಂದ ಬಂದರಂತೆ. ವಂಶದ ಇತಿಹಾಸ ಇಷ್ಟೇ. ಭಾವನಿಗೆ ಅದರ ಚಿಂತೆಯೇ ಇರಲಿಲ್ಲ. ಬೀಗರು ಬರುವ ತನಕ.

ಭಾವನ ಮಗಳೂ ಅವಳು ಮೆಚ್ಚಿದ ಹುಡುಗನೂ ಒಂದೇ ಶಾಲೆಯಲ್ಲಿ ಮೇಷ್ಟ್ರುಗಳು. ಅವರವರೇ ಒಪ್ಪಿಕೊಂಡಾಗಿತ್ತು, ದೊಡ್ಡವರು ತಲೆಯಾಡಿಸುವುದಷ್ಟೇ ಬಾಕಿ. ಹುಡುಗನ ತಂದೆಗೆ ಬಚ್ಚಲುಮನೆ ಸಾಮಾನಿನ ದೊಡ್ಡ ಅಂಗಡಿ. ನಲ್ಲಿ ತಿರುಗಿಸಿದ ಹಾಗೆ ಮಾತಾಡುತ್ತಾರೆ, ನಿಲ್ಲಿಸುವ ತಿರುಪು ಮಾತ್ರ ಸಡಿಲ. ಭಾವನ ಮನೆಗೆ ಬಂದವರು ಕುರ್ಚಿಗೆ ಬೆನ್ನು ತಾಗಿಸುವ ಮೊದಲೇ, “ನಮ್ಮದು ನ್ಯಾಯಾಧೀಶರ ವಂಶ ನೋಡಿ. ನಮ್ಮ ಮುತ್ತಾತ ಜಡ್ಜು. ನಾನು ನಲ್ಲಿ ಮಾರ್ತೀನಿ ಅಂತ ಹಗುರ ಮಾಡ್ಬೇಡಿ” ಎಂದರು. ಕಾಫಿ ಲೋಟ ತುಟಿಗೆ ಹೋಗಿತ್ತು. ಅಷ್ಟರಲ್ಲಿ ಅವರ ಕಣ್ಣು ಸ್ವಿಚ್ ಬೋರ್ಡಿನ ಮೇಲೆ ಬಿತ್ತು. ಲೋಟ ನಡುದಾರಿಯಲ್ಲೇ ನಿಂತಿತು.

“ಇವರು... ಯಾರು?”

“ನಮ್ಮ ಮುತ್ತಾತ” ಎಂದರು ಭಾವ.

“ನಿಮ್ಮ... ಮುತ್ತಾತ?”

“ಹೂಂ. ಸ್ವಂತ ಮುತ್ತಾತ.” ಬಾಡಿಗೆ ಮುತ್ತಾತಂದಿರು ಬೇರೆ ಸಿಗುತ್ತಾರೇನೋ ಎಂಬಂತಿತ್ತು ಆ ಉತ್ತರ.

“ಏನಾಗಿದ್ರು?”

ಇಲ್ಲಿ ಯಾವ ಬುದ್ಧಿವಂತನಾದರೂ ‘ಗೊತ್ತಿಲ್ಲ’ ಎಂದು ಬಿಸ್ಕತ್ತಿನ ತಟ್ಟೆ ಮುಂದೆ ಚಾಚುತ್ತಿದ್ದ. ಆದರೆ ಜಡ್ಜಿನ ಮುಂದೆ ಗುಂಡಿಯಿಲ್ಲದ ಅಂಗಿ ನಿಂತಿತ್ತು. ಭಾವನ ಎದೆ ತಾನಾಗಿ ಉಬ್ಬಿತು.

“ಏನಾಗಿರಲಿಲ್ಲ ಅಂತ ಕೇಳಿ ಬೀಗರೇ! ಬಹಳ ಸರಳಜೀವಿ, ಗುಂಡಿ ಸಹ ಹಾಕ್ಕೋತಿರಲಿಲ್ಲ. ಆದ್ರೆ ಅವರ ಊರಲ್ಲಿ ಇವತ್ತಿಗೂ ಮನೆಮನೇಲೂ ಅವರ ಫೋಟೋ ಇದೆ!”

ಈ ಮಾತು ಭಾವನ ಬಾಯಿಂದ ಹುಟ್ಟುವುದಕ್ಕೆ ಒಂದು ಕ್ಷಣ ಮುಂಚೆ ಅದು ಈ ಲೋಕದಲ್ಲೇ ಇರಲಿಲ್ಲ. ಬೀಗರ ಮುಖ ಸುಣ್ಣದಂತಾಯಿತು. ಕಾಫಿ ಮೊಣಕಾಲಿಗೆ ಚೆಲ್ಲಿತು. ಬಹಳ ಹೊತ್ತು ಒರೆಸಿಕೊಂಡ ಮೇಲೆ ಗಂಟಲು ಸರಿಮಾಡಿಕೊಂಡರು.

“ಹಾಗಾದ್ರೆ ಒಂದು ಕೆಲಸ ಮಾಡಿ. ಮದುವೆ ಕರೆಯೋಲೇಲಿ ಎರಡೂ ಮನೆ ಹಿರಿಯರ ಚಿತ್ರ, ಚರಿತ್ರೆ ಹಾಕಿಸ್ಬೇಕು ಅಂತ ನನ್ನಾಸೆ. ನಿಮ್ಮ ಮುತ್ತಾತ ಯಾರು, ಏನು, ಆ ಊರಲ್ಲಿ ಏನು ಮಾಡ್ಕೊಂಡಿದ್ರು ಅಂತ ಒಂದು ಪುಟ ಬರ್ಕೊಂಡು ಬನ್ನಿ. ಅದನ್ನ ನೋಡಿದ ಮೇಲೇ ಮದುವೆ ದಿನ ಗೊತ್ತು ಮಾಡೋಣ.”

ಬೀಗರು ಬೀದಿ ತಿರುಗುವ ತನಕ ಅಕ್ಕ ನಗುತ್ತಾ ಕೈಬೀಸಿದಳು. ಆಮೇಲೆ ನಗು ಒಳಗಿಟ್ಟು ಬಾಗಿಲು ಹಾಕಿದಳು.

“ಮನೆಮನೇಲೂ ಫೋಟೋ ಅಂತೆ! ನಿಮ್ಮ ಫೋಟೋನೇ ನಿಮ್ಮ ಮನೇಲಿ ನೆಟ್ಟಗಿಲ್ಲ!”

“ಆ ಜಡ್ಜು ಹಾಗೆ ಮೇಲೆ ಬಿದ್ದಾಗ ಏನಾದ್ರೂ ಅನ್ನಬೇಕಲ್ಲೇ.”

ಮಗಳು ಕೂಗಾಡಲಿಲ್ಲ, ಅದೇ ಹೆದರಿಕೆ. “ಅಪ್ಪ, ಈ ಮದುವೆ ನಿಂತ್ರೆ ನಾನು ನೇರ ನಿನ್ನ ಕೌಂಟರಿಗೆ ಬಂದು ಕಪಾಟಿನಲ್ಲಿ ಕೂತ್ಕೋತೀನಿ. ವಾರಸುದಾರರಿಲ್ಲದ ಸಾಮಾನು ಅಂತ ಚೀಟಿ ಅಂಟಿಸ್ಕೋ” ಎಂದು ಒಳಗೆ ಹೋದಳು.

ಅಕ್ಕ ನನ್ನ ಕಡೆ ತಿರುಗಿದಳು. “ಕಾಲೇಜು ಓದಿ ಊರವರ ದನಿ ಅಣಕಿಸೋದು ಬಿಟ್ಟು ಇನ್ನೇನು ಕಡಿದಿದೀಯೋ ನೀನು? ತಾತ ಬಂದ ಊರಿಗೆ ಇವರ ಜೊತೆ ಹೋಗು. ದಾರೀಲಿ ಬಾಯಿ ಬಿಡದ ಹಾಗೆ ನೋಡ್ಕೋ.” ಹೀಗೆ ಭಾವನ ಬಾಯಿಗೆ ಬಿರಡೆಯಾಗಿ ನಾನು ಹೊರಟೆ. ಮುತ್ತಾತನನ್ನು ಗೋಡೆಯಿಂದ ಇಳಿಸಿ ಹಾಸಿಗೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡೆವು. ಬಸ್ಸಿನಲ್ಲಿ ಪಕ್ಕದ ಅಜ್ಜಿ ಅದನ್ನು ಮುಟ್ಟಿ, “ಮಗೂಗೆ ಜ್ವರಾನಾ?” ಎಂದು ಮರುಗಿದರು. “ಇಲ್ಲ, ಮುತ್ತಾತ” ಎಂದರು ಭಾವ. ಅಜ್ಜಿ ಎದ್ದು ಬೇರೆ ಸೀಟಿಗೆ ಹೋದರು.

ಒಂದು ಉದ್ದ ಬೀದಿ, ನಿಂತುಹೋದ ಗಡಿಯಾರದ ಗೋಪುರ, ಅದರ ನೆರಳಲ್ಲಿ ಮಲಗಿದ ನಾಯಿ, ಅದಕ್ಕಿಂತ ಸ್ವಲ್ಪ ಕಡಿಮೆ ಮಲಗಿದ ಪಂಚಾಯ್ತಿ ಕಚೇರಿ. ಇಷ್ಟು ಸೇರಿದರೆ ಆ ಊರು. ಹಳೇ ದಾಖಲೆ ಕೇಳಲು ಒಳಗೆ ಹೋದರೆ ಕಚೇರಿಯ ಸಾಹೇಬರು ಹಲ್ಲಿನ ಸಂದಿಯನ್ನು ಪಿನ್ನಿನಿಂದ ತನಿಖೆ ಮಾಡುತ್ತಿದ್ದರು.

“ಹೆಸರು?”

“ನಂದಾ, ಅವರದ್ದಾ?” ಎಂದರು ಭಾವ.

“ಹುಡುಕ್ತಿರೋದು ಯಾರನ್ನ?”

“ಅವರನ್ನ.”

“ಹಾಗಾದ್ರೆ ಅವರದ್ದು ಹೇಳ್ರೀ.”

“ದೊಡ್ಡೋರು.”

“ಅದು ಹೆಸರೇನ್ರೀ?”

“ಮನೇಲಿ ಹಾಗೇ ಕರೆಯೋದು.”

“ನಮ್ಮನೇಲಿ ನನ್ನ ಕತ್ತೆ ಅಂತ ಕರೀತಾರೆ. ಬಾಗಿಲ ಮೇಲೆ ಬೋರ್ಡು ಹಾಗೇ ಬರೆಸ್ಲಾ?” ಸಾಹೇಬರು ಪಿನ್ನು ಒರೆಸಿ ಕಾಲರಿಗೆ ಸಿಕ್ಕಿಸಿಕೊಂಡರು. “ಹೆಸರಿಲ್ಲ, ಬೀದಿ ಗೊತ್ತಿಲ್ಲ, ಯಾವ ಕಾಲ ಅಂತಾನೂ ಗೊತ್ತಿಲ್ಲ. ಅವರು ನಿಮ್ಮೋರೇ ಅನ್ನೋದಕ್ಕೆ ಏನಾದ್ರೂ ಗುರುತು ಇದೆಯಾ?”

ನೌಕರಿ ಸೇರಿದಂದಿನಿಂದ ಭಾವ ಜನಕ್ಕೆ ಎಸೆದ ಪ್ರಶ್ನೆ ಎಲ್ಲೆಲ್ಲೋ ಸುತ್ತಿಕೊಂಡು ಬಂದು ಅವರದೇ ಹಣೆಗೆ ಬಡಿದಿತ್ತು. ಅವರು ಹೊದಿಕೆ ಬಿಚ್ಚಿ ಫೋಟೋವನ್ನು ಮೇಜಿನ ಮೇಲೆ ನಿಲ್ಲಿಸಿದರು.

ಸಾಹೇಬರ ಕುರ್ಚಿ ಹಿಂದಕ್ಕೆ ಉರುಳಿ ಕಪಾಟಿಗೆ ಬಡಿಯಿತು.

“ನಮ್ಮ ಮುತ್ತಾತ! ಕಳ್ಳರು! ಹಗಲುಗಳ್ಳರು! ಕದ್ದ ಮಾಲನ್ನ ಕದ್ದವನ ಮನೆಯೋನಿಗೇ ತಂದು ತೋರಿಸ್ತೀರಾ?” ಕೋಪದಲ್ಲಿ ಅವರ ವ್ಯಾಕರಣ ಕಾಲು ಜಾರಿತು. ತಕ್ಷಣ ಮನೆಗೆ ಫೋನು ಮಾಡಿದರು. ಆ ಕಡೆಯ ದನಿ ಕಚೇರಿಗೆಲ್ಲ ಕೇಳುವಂತಿತ್ತು.

“ಲೇ, ಗೋಡೆ ಮೇಲೆ ತಾತ ಇದಾರಾ ನೋಡೇ!”

“ಇನ್ನೆಲ್ಲಿ ಹೋಗ್ತಾರೆ? ಸತ್ತು ಎಷ್ಟು ಕಾಲ ಆಯ್ತು!”

“ಫೋಟೋ ಕಣೇ, ಫೋಟೋ ಇದೆಯಾ?”

“ಇದೆ. ಮುಖದ ಮೇಲೆ ಜೇಡ ಮನೆ ಕಟ್ಟಿದೆ. ಬಂದು ಒರೆಸಿ.”

ಸಾಹೇಬರು ಫೋನು ಇಟ್ಟರು. ಕೋಪ ಇಳಿಯಿತು, ಅದಕ್ಕಿಂತ ಕೆಟ್ಟದ್ದು, ಅನುಮಾನ, ಏರಿತು. ದನಿ ತಗ್ಗಿಸಿದರು. “ಅಂದ್ರೆ ನೀವು ದಾಯಾದಿಗಳು. ನೋಡಿ, ನಮ್ಮನೆ ಹಿತ್ತಲು ಬಹಳ ಚಿಕ್ಕದು.”

“ನಮಗೆ ಹಿತ್ತಲು ಬೇಡ ಸಾರ್, ಒಂದು ಪುಟ ಸಾಕು.”

“ಯಾವ ಪುಟ? ಆಸ್ತಿಪತ್ರದ್ದಾ?”

ಚರಿತ್ರೆಯದ್ದು ಎಂದು ನಾನು ಬಿಡಿಸಿ ಹೇಳಿದ ಮೇಲೆ ಸಾಹೇಬರಿಗೆ ಉಸಿರು ಬಂತು. ಉಸಿರಿನ ಜೊತೆ ಹೆಮ್ಮೆಯೂ ಬಂತು. ಅವರ ಮುತ್ತಾತ ಮಹಾ ವೈದ್ಯರು. ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರೆ ಸಾಕು, ರೋಗ ಗುಣವಾಗುತ್ತಿತ್ತು, ಇಲ್ಲವೇ ರೋಗಿ ಎದ್ದು ಹೋಗುತ್ತಿದ್ದ. ಭಾವ ‘ವೈದ್ಯ’ ಎಂದು ಬರೆದುಕೊಂಡರು.

ಸಂಭ್ರಮದಲ್ಲಿ ಹೊರಗೆ ಬಂದರೆ ಎದುರಿಗೇ ಕಟಿಂಗ್ ಶಾಪು. ಕನ್ನಡಿಯ ಮೇಲೆ ಅದೇ ಮುಖ! ಇಲ್ಲಿ ದಪ್ಪ ಮೀಸೆ, ಕತ್ತಿನಲ್ಲಿ ಪದಕ. “ನಮ್ಮ ಮುತ್ತಾತ” ಎಂದ ಶಾಪಿನವನು, ಗಿರಾಕಿಯ ತಲೆ ಅರ್ಧಕ್ಕೆ ಬಿಟ್ಟು. “ಪೈಲ್ವಾನ್. ಒಂದು ಕೈಲಿ ಎತ್ತಿನ ಗಾಡಿ ಎತ್ತೋರು.” ಮುಂದಿನ ತಿರುವಿನಲ್ಲಿ ನಿವೃತ್ತ ಹೆಡ್‌ಮಾಸ್ಟರ ಜಗಲಿ. ಅಲ್ಲಿ ಅದೇ ಮುಖಕ್ಕೆ ಟೋಪಿ, ಕೈಯಲ್ಲಿ ಗ್ರಂಥ. “ಅಸ್ಮತ್ ಪ್ರಪಿತಾಮಹರು. ಏಕಪಾಠಿಗಳು. ಓದಿದ್ದನ್ನು ಮರೆತವರೇ ಅಲ್ಲ” ಎಂದರು ಹೆಡ್‌ಮಾಸ್ಟರು, ತಮ್ಮ ಕನ್ನಡಕ ಎಲ್ಲಿಟ್ಟೆನೆಂದು ತಡಕಾಡುತ್ತಾ. ಅವರ ಪಕ್ಕದಲ್ಲಿ ಟೈಲರ್ ಅಮ್ಮನ ಮನೆ. ಹೊಲಿಗೆ ಯಂತ್ರದ ಮೇಲ್ಗಡೆ ಅದೇ ಮುಖ, ಕೈಯಲ್ಲಿ ಕೊಳಲು. “ನಮ್ಮಜ್ಜಿಯ ಅಪ್ಪ. ಅವರು ಊದಿದ್ರೆ ಕಟ್ಟಿದ ಹಸು ಹಗ್ಗ ಕಿತ್ಕೊಂಡು ಬರೋದು.”

ಭಾವ ಬೀದಿಯ ಮಧ್ಯೆ ನಿಂತು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. “ಮನೆಮನೇಲೂ ಫೋಟೋ ಇದೆ ಅಂದೆನಲ್ಲೋ! ನನಗೇ ಗೊತ್ತಿಲ್ಲದೆ ನಾನು ನಿಜ ಹೇಳಿಬಿಟ್ಟಿದೀನಿ! ವೈದ್ಯ, ಪೈಲ್ವಾನ್, ಪಂಡಿತ, ಸಂಗೀತಗಾರ! ಒಂದು ಪುಟ ಎಲ್ಲಿ ಸಾಲುತ್ತೋ?”

“ಅದು ಸರಿ ಭಾವ. ಸಂಸಾರದ ವಿಷಯ ಏನು ಬರೀತೀರಿ?”

“ಯಾವ ಸಂಸಾರ?”

“ಅದೇ ಕೇಳ್ತಿರೋದು. ಯಾವ ಯಾವ ಸಂಸಾರ ಅಂತ.”

ಭಾವನ ಪೆನ್ನು ನಿಂತಿತು. ಅಷ್ಟು ಹೊತ್ತಿಗೆ ಟೈಲರ್ ಅಮ್ಮನ ತಲೆಯಲ್ಲೂ ಸೂಜಿಗೆ ದಾರ ಹೋಗಿತ್ತು. ನಾವು ಹೆಡ್‌ಮಾಸ್ಟರ ಜಗಲಿಯಿಂದ ಬಂದದ್ದನ್ನೂ ಹೊದಿಕೆಯಿಂದ ಇಣುಕುತ್ತಿದ್ದ ಮುಖವನ್ನೂ ಸೇರಿಸಿ ಹೊಲಿದು, ಆಕೆ ಬೀದಿಗೆ ಬಂದರು.

“ಹೌದಾ! ನಮ್ಮಜ್ಜಿ ಅವರಪ್ಪನ ಫೋಟೋಗೆ ಕೈ ಮುಗಿದೂ ಮುಗಿದೂ ಸತ್ತಳು. ಈ ಮನುಷ್ಯ ಕೊಳಲು ಕಲಿಸೋಕೆ ಅಂತ ಹೊರಟು ಹೋಗ್ತಿದ್ದದ್ದು ಪಕ್ಕದ ಮನೆಗಾ? ಹೆಡ್‌ಮಾಸ್ಟ್ರೇ, ಹೊರಗೆ ಬನ್ರೀ! ನಿಮ್ಮ ಏಕಪಾಠಿ ಎಷ್ಟು ಮನೇಲಿ ಪಾಠ ಹೇಳ್ತಿದ್ದ ಅಂತ ಇವತ್ತು ಇತ್ಯರ್ಥ ಆಗ್ಲಿ!”

ಸಣ್ಣ ಊರಿನಲ್ಲಿ ಸುದ್ದಿಗೆ ಬಸ್ಸು ಬೇಕಾಗಿಲ್ಲ. ನೋಡನೋಡುತ್ತಿದ್ದಂತೆ ಜನ ಗೋಡೆಯಿಂದ ತಾತಂದಿರನ್ನು ಇಳಿಸಿಕೊಂಡು, ಸೆರಗಲ್ಲಿ, ಟವೆಲ್ಲಲ್ಲಿ, ಸೈಕಲ್ ಕ್ಯಾರಿಯರಿನಲ್ಲಿ ಕಚೇರಿ ಅಂಗಳಕ್ಕೆ ತಂದರು. ಸಾಹೇಬರು ಶಿಸ್ತಿನ ಮನುಷ್ಯ. ಎಲ್ಲವನ್ನೂ ಕಾಂಪೌಂಡಿಗೆ ಒರಗಿಸಿ ಸಾಲಾಗಿ ಇಡಿಸಿದರು. ಅಬ್ಬಾ! ಕೋಟಿನವರು, ಕೋಲಿನವರು, ಕನ್ನಡಕದವರು, ಟೋಪಿಯವರು, ಮೀಸೆ ಮೇಲಾದವರು, ಮೀಸೆ ಕೆಳಗಾದವರು. ಮುಖ ಮಾತ್ರ ಒಂದೇ. ಅಷ್ಟೂ ಜನ ರೆಪ್ಪೆ ಹೊಡೆಯದೆ ತಮ್ಮ ಮರಿಮಕ್ಕಳ ಜಗಳವನ್ನು ನೋಡುತ್ತಿದ್ದರು.

ಕಟಿಂಗ್ ಶಾಪಿನವನ ಹೆಂಡತಿ ತನ್ನ ತವರಿನ ಫೋಟೋ ಹಿಡಿದು ಓಡಿ ಬಂದಳು. ಹೊದಿಕೆ ಸರಿಸಿದರೆ ಅದೇ ಮುಖ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಕತ್ತರಿ ಕೈಯಿಂದ ಬಿತ್ತು.

“ಅಂದ್ರೆ... ನಾವಿಬ್ರೂ ಅಣ್ಣ ತಂಗಿ ಏನೇ?”

“ನನಗೆ ಆಗ್ಲೇ ಅನ್ಸಿತ್ತು! ನಾನು ಹೇಳಿದ ಒಂದು ಮಾತೂ ನಿಮಗೆ ಕೇಳ್ಸಲ್ಲ. ನಮ್ಮಣ್ಣಂದಿರೂ ಹಾಗೇ!”

ಈಗ ಅಂಗಳದಲ್ಲಿದ್ದ ದಂಪತಿಗಳೆಲ್ಲ ಒಂದೊಂದು ಹೆಜ್ಜೆ ದೂರ ಸರಿದು ನಿಂತರು. ಭಾವನ ಮುಖ ಬಿಳಿಚಿತು. ಅಳಿಯನ ಮನೆಯ ಗೋಡೆಯಲ್ಲಿ ಏನಿದೆಯೋ ಎಂಬ ಯೋಚನೆ ಅವರಿಗೂ ಬಂತೇನೋ. ಆದರೆ ಯೋಚನೆಗೆ ಬಿಡುವಿರಲಿಲ್ಲ.

“ಇವರು ಕಾಲಿಡೋ ತನಕ ಈ ಊರಲ್ಲಿ ಎಲ್ಲರ ತಾತಂದಿರೂ ಮರ್ಯಾದಸ್ಥರಾಗಿದ್ರು!” ಎಂದು ಯಾರೋ ಕೂಗಿದರು.

“ಮುತ್ತಾತನ ಪರವಾಗಿ ಕ್ಷಮೆ ಕೇಳ್ರೀ!”

“ನಮ್ಮ ಅಜ್ಜೀರಿಗೆಲ್ಲ ಒಬ್ಬೊಬ್ಬರಿಗೂ ಬೇರೆ ಬೇರೆ ಕೇಳ್ಬೇಕು!”

“ಕೇಳ್ತೀನಿ, ಕೂರೋಕೆ ಜಾಗ ಕೊಡಿ, ಇಷ್ಟು ಜನ ಅಜ್ಜೀರಿಗೆ ನಿಂತ್ಕೊಂಡು ಕೇಳೋಕಾಗಲ್ಲ” ಎಂದರು ಭಾವ. ಸಾಹೇಬರು ಕೈಕುರ್ಚಿ ತರಿಸಿ ಫೋಟೋಗಳ ಮುಂದೆ ಹಾಕಿಸಿದರು. ಭಾವ ನೆಟ್ಟಗೆ ಕೂತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಜನರನ್ನು ದಿಟ್ಟಿಸಿದರು. ಜನ ಕಾದರು. ಭಾವ ದಿಟ್ಟಿಸುತ್ತಲೇ ಇದ್ದರು. ಆ ಸ್ಥಿರವಾದ ನೋಟಕ್ಕೆ ಮುಂದಿನ ಸಾಲಿನವರು ಬೆವೆತರು. “ಎಂಥ ಧೈರ್ಯ ನೋಡ್ರೀ” ಎಂದು ಪಿಸುಗುಟ್ಟಿದರು. ನನಗೆ ಮಾತ್ರ ಗೊತ್ತಾಯಿತು. ಹೆದರಿಕೆ ಅತಿಯಾಗಿ ಭಾವ ನಿದ್ದೆ ಹೋಗಿದ್ದರು.

ಆ ಹೊತ್ತಿಗೆ ಸರಿಯಾಗಿ ಫೋಟೋ ಸ್ಟುಡಿಯೋದ ಮಾಲೀಕ ಸ್ಕೂಟರಿನಲ್ಲಿ ಬಂದ. ಬಣ್ಣದ ಕನ್ನಡಕ, ಬಣ್ಣ ಹಚ್ಚಿದ ಕೂದಲು, ಬಣ್ಣ ಹಚ್ಚಿದ ಮಾತು. ಸಾಲು ಫೋಟೋಗಳನ್ನೂ ಮುಂದೆ ಕೂತ ಭಾವನನ್ನೂ ನೋಡಿ ಬ್ರೇಕು ಹಾಕಿದ.

“ಅಹಹಾ! ಯಾರ್ರೀ ಇವರನ್ನ ಕೂರಿಸಿದ್ದು? ಏನು ಪೋಸು! ಅಲ್ಲಾ, ನಮ್ಮ ತಾತ ತೆಗೆದ ಫೋಟೋಗಳ ಪ್ರದರ್ಶನ ಮಾಡ್ತಿದೀರಿ, ನನಗೊಂದು ಮಾತು ಹೇಳೋದಲ್ವಾ?”

“ಪ್ರದರ್ಶನ ಅಲ್ಲ ಕಣಯ್ಯಾ, ಪಂಚಾಯ್ತಿ! ಈ ಒಬ್ಬ ಮನುಷ್ಯ ಇಡೀ ಊರಿಗೆ ತಾತ ಹೇಗಾದ?” ಎಂದು ಗುಡುಗಿದರು ಸಾಹೇಬರು.

“ಓ, ಅದಾ? ನಿಮಗ್ಯಾರಿಗೂ ಗೊತ್ತಿಲ್ವಾ? ಗೊತ್ತಿದ್ದೂ ಸುಮ್ಮನಿದೀರಿ ಅಂದ್ಕೊಂಡಿದ್ದೆ.” ಅವನು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ. “ಆ ಕಾಲದಲ್ಲಿ ಬದುಕಿದ್ದಾಗ ಫೋಟೋ ಯಾರು ತೆಗೆಸ್ಕೋತಿದ್ರು? ಸತ್ತ ಮೇಲೆ ನೆನಪಾಗೋದು. ಅಳ್ತಾ ಬರೋರು, ನಮ್ಮಪ್ಪಂದೊಂದು ಫೋಟೋ ಬೇಕಿತ್ತು ಅಂತ. ಇಲ್ಲದ ಮನುಷ್ಯನ್ನ ಎಲ್ಲಿಂದ ತೆಗೆಯೋದು? ಅದಕ್ಕೇ ನಮ್ಮ ತಾತ ಸ್ಟುಡಿಯೋದಲ್ಲಿ ಒಬ್ಬನ್ನ ಇಟ್ಕೊಂಡಿದ್ರು. ಕೂರೋ ಕೆಲಸ ಅವನದ್ದು. ‘ಮೀಸೆ ಇತ್ತೇನಮ್ಮಾ? ಟೋಪಿ? ಕನ್ನಡಕ?’ ಅಂತ ಕೇಳಿ, ಎಲ್ಲ ಹಾಕಿ ಅವನನ್ನ ಕೂರ್ಸೋರು. ಸ್ವಲ್ಪ ಮಬ್ಬು ಮಾಡಿ ಕೈಗೆ ಕೊಟ್ರೆ, ‘ಅಯ್ಯೋ, ನಮ್ಮಪ್ಪನೇ!’ ಅಂತ ಇನ್ನೂ ಜೋರಾಗಿ ಅಳೋರು. ಕೊಟ್ಟೋರಿಗೂ ಗೊತ್ತಿತ್ತು, ತಗೊಂಡೋರಿಗೂ ಗೊತ್ತಿತ್ತು. ಮಕ್ಕಳಿಗೆ ಹೇಳೋದು ಮರೆತುಬಿಟ್ರು, ಅಷ್ಟೇ.”

ಊರಿಗೆ ಊರೇ ಟೋಪಿ ಹಾಕಿಸಿಕೊಂಡಿತ್ತು; ಆದರೆ ಆ ಟೋಪಿಗಳೆಲ್ಲ ಏರಿದ್ದು ಒಂದೇ ತಲೆಗೆ. ಅಂಗಳದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಟೈಲರ್ ಅಮ್ಮ ಬೀಳಿಸಲಿಲ್ಲ. ಕಟಿಂಗ್ ಶಾಪಿನವನು ಹೆಂಡತಿಯ ಕಡೆಗೆ ಒಂದು ಹೆಜ್ಜೆ ವಾಪಸು ಬಂದ. ಆಕೆ, “ಹಾಗಾದ್ರೆ ನನ್ನ ಮಾತು ಕೇಳ್ಸದೇ ಇರೋದಕ್ಕೆ ಬೇರೆ ಕಾರಣ ಇದೆ” ಎಂದಳು.

“ಅಂದರೆ ನಮ್ಮ ಪ್ರಪಿತಾಮಹರು ಪಂಡಿತರಲ್ಲವೋ?” ಎಂದರು ಹೆಡ್‌ಮಾಸ್ಟರು ಕ್ಷೀಣವಾಗಿ.

“ಪಂಡಿತರೇ ಇರ್ತಾರೆ ಸಾರ್. ಪಾಂಡಿತ್ಯ ಅವರದ್ದೇ, ಮುಖ ಮಾತ್ರ ಕೈಗಡ.”

“ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ? ಇವನೇ ಯಾಕೆ?” ಎಂದರು ಸಾಹೇಬರು.

“ಆಗಿನ ಕ್ಯಾಮೆರಾ ಮುಂದೆ ಬಹಳ ಹೊತ್ತು ಅಲ್ಲಾಡಬಾರದು ಸಾರ್, ರೆಪ್ಪೆ ಬಡೀಬಾರದು. ಇವನು ಕಲ್ಲಿನ ಹಾಗೆ ಕೂರ್ತಿದ್ದನಂತೆ. ನಮ್ಮ ತಾತ ಹೇಳಿ ನಗೋರು: ‘ಅವನು ಕೂತಲ್ಲೇ ನಿದ್ದೆ ಹೋಗಿರ್ತಿದ್ದ ಕಣೋ, ಕಣ್ಣು ಮಾತ್ರ ತೆರೆದಿರ್ತಿತ್ತು.’”

ನಾನು ಮೆಲ್ಲಗೆ ತಿರುಗಿ ಭಾವನನ್ನು ನೋಡಿದೆ. ನನ್ನ ಹಿಂದೆಯೇ ಇಡೀ ಅಂಗಳ ತಿರುಗಿತು. ಒಂದು ನೊಣ ಬಂದು ಭಾವನ ಮೂಗಿನ ಮೇಲೆ ಕೂತಿತು, ಸುತ್ತಾಡಿತು, ಬೇಸರವಾಗಿ ಹೋಯಿತು. ಭಾವ ರೆಪ್ಪೆ ಬಡಿಯಲಿಲ್ಲ.

ಸ್ಟುಡಿಯೋದವನು ಬಣ್ಣದ ಕನ್ನಡಕ ತೆಗೆದ. ನಾವು ತಂದ ಫೋಟೋ ಎತ್ತಿಕೊಂಡು ಬೆಳಕಿಗೆ ಹಿಡಿದ. ಮೊದಲ ಸಲ ಅವನ ದನಿ ತಗ್ಗಿತು. “ಇದು ಆರ್ಡರ್ ಫೋಟೋ ಅಲ್ಲ. ಯಾರಾದ್ರೂ ಗುಂಡಿ ಕಿತ್ತೋದ ಅಂಗಿ ಹಾಕ್ಸಿ ತಾತನ್ನ ಮಾಡಿಸ್ಕೋತಾರಾ? ಇದು ಅವನೇ. ಹೆಂಡತಿ ತೀರಿಹೋಗಿ, ಮಗನ್ನ ಪರ ಊರಿಗೆ ನೆಂಟರ ಜೊತೆ ಕಳಿಸೋವಾಗ, ‘ನಂದೂ ಒಂದು ತೆಗೀರಿ, ಹುಡುಗ ಮುಖ ಮರೆತುಬಿಡ್ತಾನೆ’ ಅಂದನಂತೆ. ಅವನು ಅವನಾಗೇ ಕೂತಿದ್ದು ಅದೊಂದೇ ಸಲ.”

ಭಾವನಿಗೆ ಎಚ್ಚರವಾಯಿತು. “ಗುರುತು ಸಿಕ್ತಾ?” ಎಂದರು.

“ಸಿಕ್ತು ಭಾವ” ಎಂದು ಎಲ್ಲ ಹೇಳಿದೆ. ವೈದ್ಯ ಹೋದರು, ಪೈಲ್ವಾನ್ ಹೋದರು, ಪಂಡಿತರೂ ಸಂಗೀತಗಾರರೂ ಹಿಂದೆಯೇ ಹೋದರು. ಭಾವನ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಆಮೇಲೆ ಎದ್ದು ಆ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ಬಂದರು. “ಪಾಪ, ಎಷ್ಟು ಮನೆಗೆ ಅಪ್ಪ ಆಗಿದಾರೆ ನೋಡೋ” ಎಂದರು, ಅಷ್ಟೇ.

ಜನ ತಂತಮ್ಮ ತಾತಂದಿರನ್ನು ಎತ್ತಿಕೊಂಡು ಹೊರಟರು. ಒಬ್ಬರೂ ಬಿಟ್ಟು ಹೋಗಲಿಲ್ಲ. “ಯಾರಾದ್ರೇನು, ನಮ್ಮಜ್ಜಿ ಕೈ ಮುಗಿದ ಮುಖ” ಎಂದರು ಟೈಲರ್ ಅಮ್ಮ. ಹೋಗುವಾಗ ಫೋಟೋದ ಅಂಗಿಗೆ ಹೊಂದುವ ಗುಂಡಿಯೊಂದನ್ನು ಭಾವನ ಕೈಗೆ ಹಾಕಿದರು.

ಮನೆಯಲ್ಲಿ ಅಕ್ಕ ಸುಲಭದ ದಾರಿ ತೋರಿಸಿದಳು. “ವೈದ್ಯರು ಅಂತ ಬರೀರಿ. ಯಾರು ನಾಡಿ ಹಿಡಿದು ನೋಡ್ತಾರೆ?” ಭಾವ ಕೇಳಲಿಲ್ಲ. ದೊಡ್ಡ ಹಾಳೆಯ ಮೇಲೆ ಒಂದೇ ಸಾಲು ಬರೆದರು: ‘ನಮ್ಮ ಮುತ್ತಾತ ಫೋಟೋ ಸ್ಟುಡಿಯೋದಲ್ಲಿ ಕೂರುತ್ತಿದ್ದರು.’ ಪುಟ ಕೇಳಿದ ಬೀಗರಿಗೆ ಸಾಲು ಒಯ್ಯುವ ಧೈರ್ಯ ಅವರಿಗೆ ಎಲ್ಲಿಂದ ಬಂತೋ. ಮಗಳು ಅಪ್ಪನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು.

ಬೀಗರ ಹಜಾರದಲ್ಲಿ ಕಾಲಿಟ್ಟದ್ದೇ ಅಕ್ಕನಿಗೆ ಬಿಕ್ಕಳಿಕೆ ಬಂತು. ಎದುರು ಗೋಡೆಯ ತುಂಬ ಆಳೆತ್ತರದ ಚಿತ್ರ. ಕರಿ ಕೋಟು, ಗಿರಿಜಾ ಮೀಸೆ, ಕೈ ಕೆಳಗೆ ದಪ್ಪ ಕಾನೂನು ಪುಸ್ತಕ. ಮುಖ ಮಾತ್ರ, ಹೇಳಬೇಕೇ, ನಮ್ಮ ದೊಡ್ಡೋರದ್ದು. ಬೀಗರು ನಮ್ಮ ಕಣ್ಣು ಹೋದ ಕಡೆ ನೋಡಿದರು. “ಹೆಂಗಸರೆಲ್ಲ ಒಳಗೆ ಹೋಗಿ, ಹೊಸ ಮಾದರಿ ನಲ್ಲಿ ಹಾಕ್ಸಿದೀನಿ, ನೋಡಿ ಬನ್ನಿ” ಎಂದು ಮನೆಯವರನ್ನೆಲ್ಲ ಬಚ್ಚಲಿಗೆ ಸಾಗಹಾಕಿದರು. ಮೂಲೆಯ ಕುರ್ಚಿಯಲ್ಲಿ ಅವರ ಮುದುಕಿ ಸೋದರತ್ತೆ ಮಾತ್ರ ಉಳಿದರು. ಅವರಿಗೆ ಕಿವಿ ಕೇಳಿಸುವುದಿಲ್ಲ ಎಂದು ಮನೆಯವರ ನಂಬಿಕೆ.

“ಆ ಊರಿಗೆ ಹೋಗಿದ್ರಾ?” ಬೀಗರ ದನಿ ಹನಿಹನಿಯಾಗಿ ತೊಟ್ಟಿಕ್ಕಿತು.

“ಹೋಗಿದ್ವಿ.”

“ಸ್ಟುಡಿಯೋಗೂ?”

“ಸ್ಟುಡಿಯೋದೋರೇ ಬಂದ್ರು.”

ಬೀಗರು ದೊಪ್ಪೆಂದು ಕೂತರು. “ನಿಮ್ಮನೆ ಗೋಡೆ ನೋಡಿದ ದಿನದಿಂದ ನನಗೆ ನಿದ್ದೆ ಇಲ್ಲ. ಮನೆಮನೇಲೂ ಫೋಟೋ ಇದೆ ಅಂದ್ರಲ್ಲ, ಅಲ್ಲಿಗೆ ಮುಗೀತು, ಈ ಮನುಷ್ಯನಿಗೆ ಎಲ್ಲ ಗೊತ್ತು, ಚುಚ್ತಾ ಇದಾನೆ ಅಂದ್ಕೊಂಡೆ. ಪುಟ ಕೇಳಿದ್ದು ಅದಕ್ಕೇ, ನಿಮಗೆ ಎಷ್ಟು ಗೊತ್ತು ನೋಡೋಣ ಅಂತ.”

“ಮತ್ತೆ ಜಡ್ಜು?”

“ಎಲ್ಲಿ ಜಡ್ಜು! ನಮ್ಮ ಮುತ್ತಾತ ಬಾವಿ ತೋಡ್ತಿದ್ರು. ಸ್ಟುಡಿಯೋದಲ್ಲಿ ಮಾಮೂಲಿ ಕೋಟು ಒಗೆಯೋಕೆ ಹೋಗಿತ್ತಂತೆ. ಉಳಿದಿದ್ದು ನಾಟಕದ ಜಡ್ಜ್ ಕೋಟು ಒಂದೇ. ‘ಇದೇ ಇರಲಿ ಬಿಡಿ’ ಅಂದ್ರಂತೆ. ಆ ಕೋಟಿನಿಂದ ನಾವು ನ್ಯಾಯಾಧೀಶರ ವಂಶ ಆದ್ವಿ. ನಮ್ಮಪ್ಪ ಸಾಯೋವಾಗ ಹೇಳಿ ಹೋದ್ರು, ಯಾರ ಮುಂದೂ ಬಾಯಿ ಬಿಡಬೇಡ ಅಂತ. ಈಗ ನಿಮ್ಮ ಕೈಲಿದೆ ನಮ್ಮ ಮರ್ಯಾದೆ. ಏನು ಮಾಡ್ತೀರಿ ಹೇಳಿ.”

ಭಾವ ರೆಪ್ಪೆ ಅಲುಗಿಸದೆ ಬೀಗರನ್ನೇ ನೋಡಿದರು. ಬೀಗರು ಕೊಡೆಗಳ್ಳರ ಹಾಗೆ ಬೆವೆತರು. ನನಗೆ ಬೇರೆಯೇ ಭಯ. ಇಂಥ ಹೊತ್ತಲ್ಲಿ ಇವರು ನಿದ್ದೆ ಹೋದರೆ? ಮೆಲ್ಲಗೆ ಚಿವುಟಿದೆ. “ಎದ್ದೇ ಇದೀನಿ ಕಣೋ” ಎಂದು ಗದರಿಕೊಂಡು, ಬೀಗರ ಕಡೆ ಬಾಗಿದರು.

“ಬೀಗರೇ, ಕೊಡೆ ಒಂದೇ, ವಾರಸುದಾರರು ಇಬ್ಬರು. ಜಗಳ ಯಾಕೆ? ಒಟ್ಟಿಗೇ ಹೋಗೋಣ.”

ಬೀಗರಿಗೆ ಕೊಡೆಯ ಕಥೆ ಗೊತ್ತಿರಲಿಲ್ಲ, ಆದರೆ ಕಣ್ಣು ತುಂಬಿಕೊಂಡಿತು. ಮೂಲೆಯಿಂದ ಸೋದರತ್ತೆಯ ದನಿ ಬಂತು: “ನಮ್ಮ ತಾತನಿಗೆ ಮೀಸೆ ಬರ್ತಾನೇ ಇರಲಿಲ್ಲ ಅಂತ ನಾನು ಆಗಿಂದ ಬಡ್ಕೋತಿದೀನಿ. ಈ ಮನೇಲಿ ಎಲ್ಲರಿಗೂ ಕಿವುಡು.”

ಕರೆಯೋಲೆ ಅಚ್ಚಾಯಿತು. ‘ಎರಡೂ ಮನೆಯ ಹಿರಿಯರು’ ಎಂಬ ತಲೆಬರಹದ ಕೆಳಗೆ ಒಂದೇ ಚಿತ್ರ, ಗುಂಡಿಯಿಲ್ಲದ ಅಂಗಿಯದ್ದು. “ಇನ್ನೊಬ್ಬರ ಫೋಟೋ ಕೊಡಲೇ ಇಲ್ವಲ್ಲ” ಎಂದ ಪ್ರೆಸ್ಸಿನವನು. “ಅದರಲ್ಲೇ ಇದಾರೆ!” ಎಂದರು ಇಬ್ಬರು ಬೀಗರೂ ಒಂದೇ ದನಿಯಲ್ಲಿ. ಒಂದು ಗುಂಡಿಯನ್ನಾದರೂ ಬಿಡಿಸೋಣವೇ ಎಂದು ಅವನು ಕೇಳಿದ್ದಕ್ಕೆ ಭಾವ ಒಪ್ಪಲಿಲ್ಲ. “ಬೇಡ, ಗುರುತು ಹೋಗುತ್ತೆ” ಎಂದರು.

ಮದುವೆಗೆ ಆ ಸಣ್ಣ ಊರಿನವರು ಬಸ್ಸು ಮಾಡಿಕೊಂಡು ಬಂದರು. ತಾತನ ಕಡೆಯ ನೆಂಟರು ಎಂದು ಅವರಿಗೆಲ್ಲ ಮೊದಲ ಪಂಕ್ತಿಯಲ್ಲೇ ಊಟ. ಗುಂಪಿನ ಫೋಟೋ ತೆಗೆದವನು ಆ ಸ್ಟುಡಿಯೋದವನೇ. ಎಷ್ಟು ಸಲ ತೆಗೆದರೂ ಯಾರೋ ಒಬ್ಬರು ಕಣ್ಣು ಮುಚ್ಚಿದರು. ಕೊನೆಯದರಲ್ಲಿ ಮದುಮಕ್ಕಳೂ ಸೇರಿ ಎಲ್ಲರೂ ಮುಚ್ಚಿದ್ದಾರೆ. ನಡುವೆ ಕೈಕುರ್ಚಿಯಲ್ಲಿ ಭಾವ ಒಬ್ಬರೇ ಕಣ್ಣರಳಿಸಿ, ನೆಟ್ಟಗೆ, ಗಂಭೀರವಾಗಿ ಕೂತಿದ್ದಾರೆ. ಈಗ ಬೀಗರ ಹಜಾರದಲ್ಲಿ ಜಡ್ಜಿನ ಪಕ್ಕ ಅದೇ ಫೋಟೋ. ಬಂದವರಿಗೆಲ್ಲ ಅವರು ತೋರಿಸುತ್ತಾರೆ: “ನೋಡಿ, ವಂಶದ ಕಳೆ ಅಂದ್ರೆ ಇದು! ಎಂಥ ಎಚ್ಚರ!”

ನಾನು ಭಾವನ ಬೆನ್ನ ಹಿಂದೆಯೇ ನಿಂತಿದ್ದೆ. ಸಣ್ಣಗೆ ಗೊರಕೆ ಕೇಳಿಸುತ್ತಿತ್ತು.